ಬಿಚ್ಚಿ ನೋಡದ ಮುಷ್ಟಿ

ನಮ್ಮ ದೊಡ್ಡಪ್ಪ ಮೂವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವರು. ಕೆಲಸ ಬಿಟ್ಟ ಮೇಲೆ ಅವರಿಗೆ ಉಳಿದದ್ದು ಶನಿವಾರದ ಚೆಸ್ ಒಂದೇ. ಎದುರಾಳಿ ಗಡಿಯಾರ ರಿಪೇರಿಯವರು. ಅವರ ಅಂಗಡಿಯ ಹಿಂದಿನ ಕೋಣೆಯಲ್ಲಿ ವಾರಕ್ಕೊಂದು ಆಟ. ಬಿಳಿ ಕಾಯಿ ಯಾರದು, ಗೆದ್ದವರು ಯಾರು, ಸೋಲು ಗೆಲುವಿಗೆ ತಕ್ಕಂತೆ ಏರಿಳಿಯುವ ಇಬ್ಬರ ರೇಟಿಂಗ್ ಅಂಕ ಎಷ್ಟಾಯಿತು ಎಂದು ದೊಡ್ಡಪ್ಪ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಆರು ವರ್ಷಕ್ಕೆ ಮುನ್ನೂರ ಹನ್ನೆರಡು ಆಟ.

ಹೋದ ತಿಂಗಳು ರಿಪೇರಿಯವರು ಅಂಗಡಿ ಮುಚ್ಚಿ, ದೂರದ ಊರಿನ ಮಗಳ ಮನೆ ಸೇರಿದರು. ಆಮೇಲಿನ ಶನಿವಾರಗಳಲ್ಲಿ ದೊಡ್ಡಪ್ಪ ಮಣೆ ಇಟ್ಟು, ಕಾಯಿಗಳನ್ನು ಜೋಡಿಸಿ, ಸ್ವಲ್ಪ ಹೊತ್ತು ಕೂತು, ಮತ್ತೆ ಡಬ್ಬಿಗೆ ತುಂಬುತ್ತಿದ್ದರು.

ನಾನು ಸಂಖ್ಯಾಶಾಸ್ತ್ರ ಓದಿದವಳು. ಒಂದು ದಿನ ನೋಟ್‌ಬುಕ್ಕನ್ನು ನನ್ನ ಮುಂದಿಟ್ಟರು.

“ನಾನು ಅವರಿಗಿಂತ ಮೂವತ್ತು ಅಂಕ ಮೇಲಿದ್ದೀನಿ ನೋಡೇ. ಹೋಗೋವಾಗ ‘ನೀವೇ ಗಟ್ಟಿ’ ಅಂದ್ರು. ಬಾಯಿ ಮಾತಿಗೆ ಅಂದ್ರೋ, ನಿಜವೋ? ಲೆಕ್ಕ ಹಾಕಿ ಹೇಳು.”

ಚೆಸ್‌ನಲ್ಲಿ ಮೊದಲ ನಡೆ ಬಿಳಿಯದು. ಆ ಒಂದು ಹೆಜ್ಜೆಯ ಲಾಭ ಸುಮಾರು ಮೂವತ್ತೈದು ಅಂಕಕ್ಕೆ ಸಮ. ಇಬ್ಬರಿಗೂ ಬಿಳಿ ಅರ್ಧರ್ಧ ಬಂದಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ. ಆದರೆ ನಲವತ್ತೊಂದನೆಯ ಆಟದಿಂದ ಕೊನೆಯವರೆಗೂ, ಒಂದು ಸಲವೂ ತಪ್ಪದೆ, ಬಿಳಿ ದೊಡ್ಡಪ್ಪನದೇ.

“ಬಣ್ಣ ಹೇಗೆ ಆರಿಸ್ತಿದ್ರಿ?”

“ಅವರು ಒಂದರಲ್ಲಿ ಬಿಳಿ, ಒಂದರಲ್ಲಿ ಕಪ್ಪು ಕಾಲಾಳು ಮುಚ್ಚಿಟ್ಟು ಎರಡು ಮುಷ್ಟಿ ಚಾಚೋರು. ನಾನು ಒಂದನ್ನ ಮುಟ್ಟೋನು. ನನ್ನ ಕೈಗುಣ ಕಣೇ!”

“ಇನ್ನೊಂದು ಮುಷ್ಟಿ ಬಿಚ್ಚಿಸಿ ನೋಡಿದ್ರಾ? ಅದರಲ್ಲೂ ಬಿಳಿಯೇ ಇತ್ತೋ ಏನೋ.”

ದೊಡ್ಡಪ್ಪ ಕನ್ನಡಕ ತೆಗೆದರು. ನಲವತ್ತೊಂದನೆಯ ಆಟದ ತಾರೀಖಿನ ಮೇಲೆ ಬೆರಳಿಟ್ಟರು. ದೊಡ್ಡಮ್ಮ ತೀರಿಕೊಂಡ ಮೂರನೆಯ ವಾರ ಅದು.

“ಜನ್ಮವಿಡೀ ಊರವರ ತಪ್ಪು ಹಿಡಿದೆ. ಇದು ಕಣ್ಣಿಗೆ ಬೀಳ್ಲಿಲ್ವಲ್ಲೇ,” ಎಂದರು. ಆಮೇಲೆ, “ಹಾಗಾದ್ರೆ ಗಟ್ಟಿ ಯಾರು?”

“ಅವರೇ. ನಿಮ್ಮ ಮೂವತ್ತರಲ್ಲಿ ಬಿಳಿಯ ಮೂವತ್ತೈದು ಕಳೆದ್ರೆ, ಅವರೇ ಐದು ಅಂಕ ಮೇಲೆ.”

ಮುಂದಿನ ಶನಿವಾರ ದೊಡ್ಡಪ್ಪ ಮಣೆ ಇಟ್ಟು ರಿಪೇರಿಯವರಿಗೆ ಫೋನ್ ಮಾಡಿದರು.

“ಎರಡು ಮುಷ್ಟಿ ಹಿಡಿದಿದ್ದೀನಿ. ಎಡವೋ ಬಲವೋ?”

“ಎಡ.”

“ಬಿಳಿ ಬಂತು. ಮೊದಲು ನೀವು ನಡೆಸಿ.”

“ಅಲ್ರೀ, ಎರಡು ಕೈಯೂ ಮುಷ್ಟಿ ಆದ್ರೆ ಫೋನ್ ಯಾವ ಕೈಲಿದೆ?”

“ಆರು ವರ್ಷ ನಾನು ಏನಾದ್ರೂ ಕೇಳಿದ್ನಾ? ನಡೆಸ್ರೀ ಸುಮ್ನೆ.”

ದೊಡ್ಡಪ್ಪ ಎದ್ದು ಎದುರಿನ ಖಾಲಿ ಕುರ್ಚಿಯ ಕಡೆಗೆ ಹೋದರು. ರಿಪೇರಿಯವರು ಹೇಳಿದ ಬಿಳಿ ಕಾಲಾಳನ್ನು ಎರಡು ಮನೆ ಮುಂದಿಟ್ಟು, ತಿರುಗಿ ಬಂದು ತಮ್ಮ ಜಾಗದಲ್ಲಿ ಕೂತರು.