ಸಾರಿಸಿದ ಗೋಡೆ

ಕಿರವತ್ತಿಯ ಆಚೆ, ಕಾಡಿನಂಚಿನಲ್ಲಿ ಒಂದೇ ಒಂದು ಗೋಡೆ ನಿಂತಿದೆ. ಬ್ರಿಟಿಷರ ಸಿಪಾಯಿಗಳು ಗುರಿ ಹೊಡೆಯಲು ಕಲಿಯುತ್ತಿದ್ದ ಜಾಗವಂತೆ. ಮೈತುಂಬ ಗುಂಡಿನ ತೂತುಗಳು. ಗೋಡೆಗೆ ಬಟ್ಟೆ ಹೊದಿಸಿ, ಮೇಲೆ ಇದ್ದಿಲು ಉಜ್ಜಿ ಆ ಗುರುತುಗಳನ್ನು ಎತ್ತಿಕೊಳ್ಳಬೇಕೆಂದು ಕಲಾವಿದೆ ಗೆಳತಿ ಸುಮಾ ಧಾರವಾಡದಿಂದ ಹೊರಟಿದ್ದಳು. ಚೀಲ ಹೊರಲು ನಾನು.

ಹೋಗಿ ನೋಡಿದರೆ ತೂತುಗಳೇ ಇಲ್ಲ! ಗೋಡೆ ಕೆಮ್ಮಣ್ಣು ಮೆತ್ತಿಸಿಕೊಂಡು ಹಬ್ಬದ ಮನೆಯ ಹಾಗೆ ನಿಂತಿತ್ತು. ಪಕ್ಕದ ಹೊಲದ ನೀಲವ್ವ ಸೆರಗಿಗೆ ಕೈ ಒರೆಸುತ್ತ ಬಂದಳು.

"ಗ್ವಾಡಿ ನೋಡಾಕ ಬರ್ತೀವಂತ ಹೋದ ವಾರ ಹೇಳಿ ಕಳ್ಸಿದ್ರಲ್ರಿ. ಬೀಗರು ಬರ್ತಾರಂದ್ರ ಮನಿ ಸಾರ್ಸೂದಿಲ್ಲೇನ್ರಿ? ಹಂಗ ತೂತೆಲ್ಲ ಮುಚ್ಚಿ ಸಾರ್ಸೇನ್ರಿ."

ನನಗೆ ಸಿಟ್ಟೇ ಬಂತು. ಸುಮಾ ಬಟ್ಟೆ ಹೊದಿಸಿ ಇದ್ದಿಲು ಎಳೆದಳು. ಗುಂಡಿನ ಗುರುತು ಒಂದೂ ಏಳಲಿಲ್ಲ. ಬಿಲ್ಲಿನಂತೆ ಬಾಗಿದ ಬೆರಳ ಗೆರೆಗಳು ಎದ್ದವು, ಒಂದರ ಪಕ್ಕ ಒಂದು, ಗೋಡೆಯುದ್ದಕ್ಕೂ.

"ಅಯ್ಯ, ಇದು ನನ್ನ ಕೈ ಗುರ್ತೈತಲ್ರೀ!" ನೀಲವ್ವನ ಮುಖ ಸಣ್ಣದಾಯಿತು. "ತಪ್ಪಾತೇನ್ರಿ? ಎಲ್ಲಾ ಕೆರದು ತೆಗೀಲ್ರಿ?"

"ಬ್ಯಾಡ ಬಿಡ ಯವ್ವಾ," ಎಂದ ಸುಮಾ ಇನ್ನೊಂದು ಬಟ್ಟೆ ಬಿಚ್ಚಿ, ಅದರ ತುದಿಯನ್ನು ಅವಳ ಕೈಗೆ ಕೊಟ್ಟಳು. "ಇದನ್ನ ನೀ ಹಿಡಿ."