ಸತ್ತ ಮರಿಯ ತೊಗಲು

ಕುರಿಯ ಬಾಯೊಳಗೆ ಇದ್ದದ್ದು ಕಾಕಾ ಅವರ ಎಡಗೈ ಹೆಬ್ಬೆರಳೋ ಬಲಗೈಯದೋ, ಈಗ ಖಾತ್ರಿಯಿಲ್ಲ. ಉಣ್ಣೆಯ ಜಿಡ್ಡಿನಿಂದ ಹೊಳೆಯುತ್ತಿದ್ದ ಅಗಲವಾದ ಉಗುರು ಮಾತ್ರ ಕಣ್ಣ ಮುಂದಿದೆ. ಕುರಿಯ ಮೇಲ್ತುಟಿ ಎತ್ತಿ ಹಿಡಿದು, "ನೋಡು ತಮ್ಮಾ, ಮ್ಯಾಗ ಮುಂದಿನ ಹಲ್ಲೇ ಇಲ್ಲ. ದಿನಾ ನೋಡೋ ಕುರಿ, ಊರಾಗ ಯಾರಿಗರೆ ಗೊತ್ತದ ಏನು?" ಎಂದಿದ್ದರು. ನನಗೂ ಗೊತ್ತಿರಲಿಲ್ಲ. ನಾನಾಗ ಹೈದರಾಬಾದಿನ ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರ ಓದುತ್ತಿದ್ದೆ. ಪಾಠವೆಲ್ಲ ಉರ್ದುವಿನಲ್ಲಿ. ಅದನ್ನು ಹೇಳಿದ್ದಕ್ಕೆ, "ಉರ್ದುದಾಗರೆ ಇದಕ್ಕ ಮ್ಯಾಗಿನ ಹಲ್ಲು ಅದಾವೇನು?" ಎಂದು ಕೇಳಿದರು.

ಬಶೀರಾಬಾದಿನ ಹತ್ತಿರದ ನಮ್ಮೂರಲ್ಲಿ, ನಮ್ಮ ಹಿತ್ತಲ ಗೋಡೆಯ ಆಚೆ ಅವರ ಕುರಿದೊಡ್ಡಿ. ಬಂಧುವಲ್ಲ. ಅಪ್ಪನ ವಾರಿಗೆಯವರು, ಅದಕ್ಕೆ ಕಾಕಾ. ಇಂಥ ಸಂಗತಿಗಳನ್ನು ಕೂಡಿಹಾಕುವುದು ಅವರ ಚಟ. ನೆಲಕ್ಕೆ ಹಾಸುವ ತಾಂಡೂರಿನ ಫರಸಿ ಕಲ್ಲು ಒಂದು ಕಾಲಕ್ಕೆ ನೀರಿನ ತಳದ ಕೆಸರು ಎನ್ನುತ್ತಿದ್ದರು. ಕಲ್ಲಿನ ಮೇಲಿನ ಗೆರೆಗಳನ್ನು ಬೆರಳಿನಿಂದ ಸವರಿ, ಕೆರೆ ಬತ್ತಿದಾಗ ಬೀಳುವ ಗೆರೆ ಇವೇ ಎಂದು ತೋರಿಸುತ್ತಿದ್ದರು. ಯುಗಾದಿ, ಮೊಹರಂ, ನಿಜಾಮ ಸರ್ಕಾರದ ಫಸಲಿ ವರ್ಷದ ಅಜೂರ್ ತಿಂಗಳು, ಸಾಹೇಬರ ಜನವರಿ ಎಂದು ಎಣಿಸಿ, "ನಮ್ಮಲ್ಲಿ ವರ್ಷಕ್ಕ ನಾಕು ಸರತಿ ಹೊಸ ವರ್ಷ ಬರತದ. ಆದ್ರೂ ಹಳೇ ಅಂಗಿ ಹೋಗವಲ್ದು" ಎನ್ನುತ್ತಿದ್ದರು. ಹಾವು ಹಾಲು ಕುಡಿಯುತ್ತದೆ ಎಂದೂ ಹೇಳಿದ್ದರು. ಕುಡಿಯುವುದಿಲ್ಲ ಎಂದು ನಾನು ವಾದಿಸಿದಾಗ, "ಮತ್ತ ನಾಗರಪಂಚಮಿಗಿ ನಮ್ಮ ಹೆಂಗಸರು ಹಾಲು ಯಾರಿಗಿ ಹಾಕ್ತಾರ, ನಿನಗಾ?" ಎಂದು ನಕ್ಕರು.

ನಾನು ನಂಬದೇ ಇದ್ದ ಇನ್ನೊಂದು ಸಂಗತಿ ಮರಿಯ ತೊಗಲಿನದು. ಮರಿ ಸತ್ತ ಕುರಿ ಬೇರೆ ಮರಿಯನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಸತ್ತ ಮರಿಯ ತೊಗಲು ಸುಲಿದು ತಬ್ಬಲಿ ಮರಿಗೆ ಹೊದಿಸಿದರೆ, ಮೂಸಿ ನೋಡಿ, ತನ್ನದೇ ಎಂದುಕೊಂಡು ಹಾಲು ಕೊಡುತ್ತದೆ. ವಾಸನೆಯಲ್ಲಿ ಅಷ್ಟು ಚುರುಕಾದ ಪ್ರಾಣಿ ಇಷ್ಟು ಸುಲಭವಾಗಿ ಮೋಸಹೋಗುತ್ತದೆಯೇ ಎಂದು ನಾನು ಕೇಳಿದ್ದೆ. "ಹಸಿದ ಮರಿ ಮುಂದ ಹಿಂಗೆಲ್ಲಾ ಕೇಳಬಾರದು" ಎಂದಿದ್ದರು.

ನಾನು ರಜೆಗೆ ಊರಿಗೆ ಬಂದಿದ್ದ ಆ ಬೇಸಿಗೆಯಲ್ಲಿ ನನ್ನ ಅಣ್ಣನ ಹೆಂಡತಿ, ನಮ್ಮ ವೈನಿಯ ಕೂಸು ತೀರಿಕೊಂಡಿತು. ಹತ್ತೊಂಬತ್ತು ದಿನದ್ದು. ಮನೆಯಲ್ಲಿ ಯಾರಾದರೂ ಅತ್ತರೇ? ನನ್ನ ನೆನಪಿನಲ್ಲಿ ಅಳು ಇಲ್ಲ. ವೈನಿ ಗೋಡೆಗೆ ಮುಖ ಮಾಡಿ ಕೂತಿರುತ್ತಿದ್ದರು. ಹಾಲು ಕಟ್ಟಿ ಕುಪ್ಪಸ ತೊಯ್ಯುತ್ತಿತ್ತು. ಅವ್ವ ಬಂದು ಬೇರೆ ಅರಿವೆ ಕೊಟ್ಟು ಹೋಗುತ್ತಿದ್ದಳು. ನಾನು ಹೊರಗಿನ ಕಟ್ಟೆಯ ಮೇಲೆ ಪುಸ್ತಕ ಹಿಡಿದು ಕೂತು ಒಂದೇ ಪುಟ ನೋಡುತ್ತಿದ್ದೆ.

ಎರಡನೆಯ ದಿನವೋ ಮೂರನೆಯ ದಿನವೋ, ಮಧ್ಯಾಹ್ನ ಕಾಕಾ ಬಂದರು. ಅವರ ಮಗಳನ್ನು ನಾರಾಯಣಖೇಡದ ಕಡೆ ಕೊಟ್ಟಿದ್ದರು. ಹೆರಿಗೆಗೆ ತವರಿಗೆ ಬಂದವಳು ಹೆಣ್ಣು ಹಡೆದು ಮರುದಿನವೇ ತೀರಿಹೋಗಿದ್ದಳು. ಆ ಕೂಸು ಅವರ ಕೈಯಲ್ಲಿತ್ತು.

"ಆಡಿನ ಹಾಲು ನಿಂದ್ರವಲ್ದು ಅಕ್ಕಾರ," ಎಂದರು ಅವ್ವನಿಗೆ. "ಕುಡಿಸಿದ್ದೆಲ್ಲಾ ಕಕ್ಕತದ. ಮುಂಜಾನಿಂದ ಅಳೋದೂ ಬಿಟ್ಟದ."

ಕಾಕಾ ನೆಲ ನೋಡುತ್ತ ಕೇಳಿದರು: "ನಿಮ್ಮ ಕೂಸಿನ ಕುಂಚಿಗಿ ಅದ ಏನ್ರಿ? ಇನ್ನಾ ಒಗೀಲಾರದ್ದು."

ಕುಂಚಿಗೆ ಎಂದರೆ ತಲೆಯಿಂದ ಬೆನ್ನಿನವರೆಗೆ ಇಳಿಯುವ ಎಳೆಗೂಸಿನ ಟೊಪ್ಪಿಗೆ. ಅವರೇನು ಮಾಡಹೊರಟಿದ್ದಾರೆಂದು ನನಗೆ ತಿಳಿಯಿತು.

"ಕಾಕಾ, ನಮ್ಮ ವೈನಿ ಕುರಿ ಅಲ್ಲ" ಎಂದೆ. ಒಳಗೆ ಕೇಳಿಸುವಷ್ಟು ಗಟ್ಟಿಯಾಗಿಯೇ ಅಂದೆ.

"ಗೊತ್ತದ ತಮ್ಮಾ. ನನಗ ಬ್ಯಾರೆ ವಿದ್ಯಾ ಬರಂಗಿಲ್ಲ."

ಅವ್ವ ಕುಂಚಿಗೆ ತಂದುಕೊಟ್ಟಳು. ದಪ್ಪ ಬೆರಳುಗಳಿಂದ ಅದರ ಲಾಡಿ ಕಟ್ಟಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಕೂಸನ್ನು ವೈನಿಯ ಪಕ್ಕದ ಕೌದಿಯ ಮೇಲೆ ಮಲಗಿಸಿ, ಹಿಂದೆ ಸರಿದು, ಗೋಡೆಗೆ ಮುಖ ತಿರುಗಿಸಿ ನಿಂತರು. ವೈನಿ ನೋಡಿದರು. ಕೂಸಿನ ಬಾಯಿ ಸದ್ದಿಲ್ಲದೆ ತೆರೆದು ಮುಚ್ಚುತ್ತಿತ್ತು. ಆಮೇಲೆ ವೈನಿ ಲಾಡಿ ಬಿಚ್ಚಿ, ಕುಂಚಿಗೆ ತೆಗೆದು, ಮಡಚಿ ಇಟ್ಟುಕೊಂಡರು.

"ಇದು ನನ್ನ ಕೂಸಿಂದು. ಈಕಿಗಿ ಬ್ಯಾರೆ ಒಂದು ಹೊಲೀರಿ ಕಾಕಾ" ಎಂದರು. ಕೂಸನ್ನು ಎತ್ತಿ ಎದೆಗೆ ಹಚ್ಚಿಕೊಂಡರು.

ಕಾಕಾ ತಿರುಗಲಿಲ್ಲ. "ಕುಡೀಲಿಕತ್ತದ ಏನ್ರಿ?" ಎಂದು ಗೋಡೆಯನ್ನೇ ಕೇಳಿದಂತೆ ಕೇಳಿದರು. ಅವ್ವ ಹೂಂ ಅಂದಳು.

ಇದು ನನ್ನ ನೆನಪು. ಅವ್ವ ಹೇಳುವುದೇ ಬೇರೆ: ವೈನಿ ಏನನ್ನೂ ಬಿಚ್ಚಲಿಲ್ಲ, ಹಾಗೆಯೇ ಎತ್ತಿಕೊಂಡಳು, ಸಂಜೆ ಮೈ ಒರೆಸುವಾಗ ತಾನೇ ಕುಂಚಿಗೆ ತೆಗೆದೆ ಎನ್ನುತ್ತಾಳೆ. ವೈನಿಯನ್ನು ಕೇಳಿದರೆ ನೆನಪಿಲ್ಲ ಎನ್ನುತ್ತಾರೆ. ಆಕೆ ಕುರಿಯಲ್ಲ ಎಂದವನು ನಾನು. ನನ್ನ ಮಾತು ಗೆಲ್ಲಲೆಂದು ನನ್ನ ನೆನಪೇ ಆ ಲಾಡಿ ಬಿಚ್ಚಿರಬಹುದು. ಅಂದು ಸಂಜೆಗೆ ಕುಂಚಿಗೆ ಕೂಸಿನ ಮೈಮೇಲೆ ಇರಲಿಲ್ಲ ಎಂಬುದರಲ್ಲಿ ಮಾತ್ರ ನಮಗೆ ಭಿನ್ನಾಭಿಪ್ರಾಯವಿಲ್ಲ.

ಹುಡುಗಿ ಬದುಕಿದಳು. ಹಾಲು ಬಿಡುವವರೆಗೆ ನಮ್ಮಲ್ಲೇ ಬೆಳೆದು, ಆಮೇಲೆ ಗೋಡೆಯ ಆಚೆಗೆ ಹೋದಳು. ಕಾಕಾ ಆಕೆಗೆ ಮೋಡ, ಇರುವೆ, ಕಲ್ಲಿನ ಸಂಗತಿಗಳನ್ನು ಹೇಳುವುದು ಗೋಡೆ ದಾಟಿ ಕೇಳಿಸುತ್ತಿತ್ತು. ನನಗೆ ಮತ್ತೆಂದೂ ಏನನ್ನೂ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಅವರು ತೀರಿಕೊಂಡಾಗ ನಾನು ಹೈದರಾಬಾದಿನಲ್ಲಿದ್ದೆ. ಅಣ್ಣನ ಪತ್ರದಲ್ಲಿ ಜೋಳದ ಸುದ್ದಿಯಾದ ಮೇಲೆ ಕೊನೆಯ ಸಾಲು ಅದಾಗಿತ್ತು. ಓದಿ, ಮಡಚಿ, ತರಗತಿಗೆ ಹೋದೆ. ಅಂದು ಏನೂ ಅನ್ನಿಸಲಿಲ್ಲ. ಆ ಮಾತನ್ನು ನಾನು ಅಷ್ಟು ಗಟ್ಟಿಯಾಗಿ ಆಡಬಾರದಿತ್ತು ಎಂದು ಅವರಿಗೆ ಹೇಳುವುದು ಉಳಿದುಹೋಯಿತು.

ಬಹಳ ವರ್ಷಗಳ ಮೇಲೆ ಜಹೀರಾಬಾದಿನಲ್ಲಿ ಒಬ್ಬ ಹಿರಿಯ ಪಶುವೈದ್ಯರನ್ನು ತೊಗಲಿನ ವಿಷಯ ಕೇಳಿದೆ. ಖರೆ ಎಂದರು, ತಾವೇ ಎಷ್ಟೋ ಸಲ ಮಾಡಿಸಿದ್ದಾರೆ. ಆದರೆ ತೊಗಲು ಎರಡು ಮೂರು ದಿನವಾದರೂ ಮರಿಯ ಮೈಮೇಲೆ ಇರಬೇಕು. ಅದೇ ದಿನ ತೆಗೆದುಬಿಟ್ಟರೆ ಕುರಿ ಮರಿಯನ್ನು ಒದ್ದು ದೂರ ತಳ್ಳುತ್ತದೆ.