ಶೇಖಪ್ಪನ ಕ್ಯಾಮೆರಾದ ಮುಂದೆ ಕೂತವರು

ಮುಂಡಗೋಡದ ಶೇಖಪ್ಪನಿಗೆ ಫೋಟೋ ತೆಗೆಯುವುದನ್ನು ಯಾರೂ ಕಲಿಸಲಿಲ್ಲ. ಹುಬ್ಬಳ್ಳಿಯ ಒಂದು ಸ್ಟುಡಿಯೋದಲ್ಲಿ ಫೋಟೋ ಮೂಡುವ ಗಾಜಿನ ಪ್ಲೇಟು ತೊಳೆಯುವ ಕೆಲಸಕ್ಕಿದ್ದಾಗ, ಅಲ್ಲಿಯ ಮಾಲೀಕ ಕರಿ ಬಟ್ಟೆಯೊಳಗೆ ತಲೆ ತೂರಿಸುವ ಮೊದಲು ಇವನನ್ನು ಚಹಾ ತರಲು ಅಟ್ಟುತ್ತಿದ್ದ. ಹುಡುಗ ವಿದ್ಯೆ ಕದ್ದುಬಿಟ್ಟಾನೆಂಬ ಹೆದರಿಕೆ. ಚಹಾ ತಂದಿಡುತ್ತ, ಕಪ್ಪು ಎತ್ತುತ್ತ ಶೇಖಪ್ಪ ಅಷ್ಟಿಷ್ಟು ಕದ್ದೇ ಕದ್ದ. ಮುಂದೆ ಮಾಲೀಕ ಹೊಸ ಕ್ಯಾಮೆರಾ ತರಿಸಿಕೊಂಡು, ಹಳೆಯದನ್ನು ಪಗಾರದ ಬದಲಿಗೆ ಇವನ ತಲೆಗೆ ಕಟ್ಟಿ ಕೈತೊಳೆದುಕೊಂಡ. ಒಂದು ಕಟ್ಟಿಗೆಯ ಪೆಟ್ಟಿಗೆ, ಅದನ್ನು ನಿಲ್ಲಿಸಲು ಮೂರು ಕಾಲಿನ ನಿಲುವು. ಲೆನ್ಸಿನ ಮುಚ್ಚಳ ತೆಗೆದು, ಎಣಿಸಿ, ಮತ್ತೆ ಮುಚ್ಚಿದರೆ ಫೋಟೋ. ದೀಪದ ವ್ಯವಸ್ಥೆ ಏನೂ ಇಲ್ಲ. ಬೆಳಕು ಬೇಕಾದರೆ ಸೂರ್ಯನನ್ನೇ ಕೇಳಬೇಕು.

ಊರಿಗೆ ಬಂದು ಕಲಿಯಲು ಕೂತಾಗ ಮುಖವೇ ಸಿಗಲಿಲ್ಲ. ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಹೆಂಡತಿ ಕಾಶೆವ್ವನ ತವರಿನವರು ಆಕೆಯ ಕಿವಿಯಲ್ಲಿ ಊದಿದ್ದರು. ಕಡೆಗೆ ಶೇಖಪ್ಪ ಒಂದು ಮಣ್ಣಿನ ಗಡಿಗೆಗೆ ರುಮಾಲು ಸುತ್ತಿ ಮಣೆಯ ಮೇಲೆ ಕೂಡಿಸಿದ. ನಡುಮಧ್ಯಾಹ್ನ ಅಂಗಳದಲ್ಲಿಟ್ಟರೆ ಗಡಿಗೆ ಒಂದು ಕಡೆ ಸುಣ್ಣ, ಇನ್ನೊಂದು ಕಡೆ ಮಸಿ. ಮನೆಯೊಳಗಿಟ್ಟರೆ ಗಡಿಗೆಯೂ ಇಲ್ಲ, ಗೋಡೆಯೂ ಇಲ್ಲ. ಉತ್ತರದ ಬಾಗಿಲಿನ ಹತ್ತಿರ, ಬಿಸಿಲು ಒಳಗೆ ಬಾರದ ಜಾಗದಲ್ಲಿ, ಬೆಳಕು ಒಂದು ಮಗ್ಗುಲಿಂದ ಬೀಳುವಂತೆ ಇಟ್ಟಾಗ ಮಾತ್ರ ಗಡಿಗೆ ದುಂಡಗೆ ಕಂಡಿತು. ಕತ್ತಲಿದ್ದ ಮಗ್ಗುಲಿಗೆ ಒಗೆದ ಧೋತರ ಹಿಡಿದರೆ ಅದರ ಬಿಳುಪು ಆ ಕತ್ತಲನ್ನೂ ತಿಳಿಮಾಡುತ್ತದೆಂಬುದು ಅವನಿಗೆ ತಾನೇ ಹೊಳೆದ ಸಂಗತಿ. ಅವತ್ತು ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಧೋತರ ಹಿಡಿದು ಕೈಸೋತ ಕಾಶೆವ್ವ, "ಗಡಿಗಿ ಚಂದ ಬಂತಲ್ರಿ, ಇನ್ನ ಅದಕ್ಕೊಂದು ಲಗ್ನಾನೂ ಮಾಡ್ರಿ" ಎಂದಳು.

ಗಡಿಗೆಗೆ ಕಣ್ಣಿಲ್ಲ ಎಂಬುದೇ ಅವನ ಕೊರಗು. ಜೀವವಿರುವ ಒಬ್ಬ ಮನುಷ್ಯ ತಾನಾಗಿ ಬಂದು ಆ ಬೆಳಕಿನಲ್ಲಿ ಕೂತು ತನ್ನತ್ತ ನೋಡಬೇಕು, ಆ ನೋಟ ಪ್ಲೇಟಿನ ಮೇಲೆ ಉಳಿಯಬೇಕು. ಶೇಖಪ್ಪ ಬದುಕಿನಲ್ಲಿ ಆಸೆಪಟ್ಟದ್ದು ಇಷ್ಟು.

ಬಂದ ಮೊದಲ ಕರೆ ಎಣ್ಣೆ ವ್ಯಾಪಾರಿ ಚನಬಸಪ್ಪನ ಮನೆಯಿಂದ. ಚನಬಸಪ್ಪ ತೀರಿಕೊಂಡಿದ್ದ. ಅವರ ಜನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ರುಮಾಲು ಸುತ್ತಿ, ಗೋಡೆಗೆ ಆನಿಸಿ ಕೂಡಿಸುತ್ತಾರೆ. ಬದುಕಿದ್ದಾಗ ಫೋಟೋ ಎಂದರೆ ಬೆಚ್ಚುವ ಮನೆಯವರು ಸತ್ತ ಮೇಲೆ ಒಂದು ಇರಲಿ ಎನ್ನುತ್ತಾರೆ. ಕಳೆದುಕೊಳ್ಳಲು ಆಯುಷ್ಯ ಉಳಿದಿರುವುದಿಲ್ಲವಲ್ಲ. ಶೇಖಪ್ಪ ಚನಬಸಪ್ಪನನ್ನು ಬಾಗಿಲಿನ ಮಗ್ಗುಲಿಗೆ ಸರಿಸಿ, ಧೋತರ ಹಿಡಿಸಿ, ಗಡಿಗೆ ಕಲಿಸಿದ್ದನ್ನೆಲ್ಲ ಅಲ್ಲಿ ಸುರಿದ. ಪಟ ನೋಡಿದವರು ಮುದುಕ ಈಗ ಎದ್ದು ಮಾತಾಡಿಯಾನು ಎಂದರು.

ಆ ಹೊಗಳಿಕೆಯೇ ಅವನ ಕುತ್ತಿಗೆ ಹಿಡಿಯಿತು. ಹಳಿಯಾಳದ ತನಕ ಎಲ್ಲಿ ಯಾರು ಸತ್ತರೂ ಶೇಖಪ್ಪನಿಗೆ ಕರೆ. ಬದುಕಿದ್ದವರು ಮಾತ್ರ ಅವನನ್ನು ಕಂಡರೆ ಮುಖ ತಿರುವುತ್ತಿದ್ದರು. ನಿಲುವನ್ನು ಹೆಗಲ ಮೇಲಿಟ್ಟುಕೊಂಡು ಹೊರಟರೆ ಓಣಿಯಲ್ಲಿ ತಾಯಂದಿರು ಮಕ್ಕಳನ್ನು ಒಳಗೆ ಎಳೆದುಕೊಳ್ಳುವರು. ಬೇನೆಬಿದ್ದವರ ಮನೆಯಲ್ಲಿ ಬಾಗಿಲು ಮುಚ್ಚುವರು. ಎಷ್ಟೋ ಮುಖಗಳನ್ನು ಅವನು ಬೆಳಕಿಗೆ ತಿರುಗಿಸಿದ. ಒಂದಾದರೂ ಅವನತ್ತ ನೋಡಲಿಲ್ಲ. ಜನ ಅವನ ಕೈಗೆ ಅನ್ನ ಕೊಟ್ಟರು, ಅವನ ಮುಖಕ್ಕೆ ಮಸಿಯನ್ನೂ ಬಳಿದರು. ಇದಕ್ಕೆ ಊರಿನ ನ್ಯಾಯ ಎನ್ನುತ್ತಾರೆ.

ನಲವತ್ತಮೂರನೆಯ ಇಸವಿಯಲ್ಲಿ ಯುದ್ಧದ ದೆಸೆಯಿಂದ ಪ್ಲೇಟು ಸಿಗುವುದು ನಿಂತಿತು. ಅವನ ಹತ್ತಿರ ಒಂದೇ ಪ್ಲೇಟು ಉಳಿದಿದ್ದಾಗ ಸನವಳ್ಳಿಯ ನಾಗಲಿಂಗಪ್ಪನ ಮನೆಯಿಂದ ಆಳು ಬಂದ. ನಾಗಲಿಂಗಪ್ಪ ದಮ್ಮಿನಿಂದ ಹಾಸಿಗೆ ಹಿಡಿದಿದ್ದ, ಇನ್ನೂ ಹೋಗಿರಲಿಲ್ಲ. ಆದರೆ ಪ್ರಾಣ ಹೋದ ಮೇಲೆ ಕರೆಸುವಷ್ಟರಲ್ಲಿ ಕತ್ತಲಾದರೆ ಫೋಟೋ ಆಗುವುದಿಲ್ಲ, ಬೆಳಕಿರುವಾಗಲೇ ಬಂದು ತಯಾರಾಗಿ ಕೂತಿರಲಿ ಎಂದು ಹಿರಿಯ ಮಗ ಈಶಪ್ಪ ಹೇಳಿ ಕಳಿಸಿದ್ದ. ಗದ್ದೆಯ ಬದುವಿನ ಮೇಲೆ ಹಾದು, ಯಾರ ಕಣ್ಣಿಗೂ ಬೀಳದಂತೆ, ಹಿತ್ತಲಿನಿಂದ ಬರಬೇಕೆಂಬ ಮಾತೂ ಇತ್ತು. ಹಾಗೆ ಬಂದ ಶೇಖಪ್ಪನನ್ನು ದನದ ಕೊಟ್ಟಿಗೆಯಲ್ಲಿ ಕೂಡಿಸಿದರು. ಒಬ್ಬ ಮನುಷ್ಯ ಸಾಯುವುದನ್ನು ಕಾಯುತ್ತ ಶೇಖಪ್ಪ ಎಮ್ಮೆಗಳ ನಡುವೆ ಕೂತ. ತನ್ನ ಮೇಲೆ ತನಗೇ ಹೇಸಿಕೆ ಬಂತು.

ಎಮ್ಮೆಯೊಂದು ಕೊಡವಿಕೊಂಡು ನಿಲುವನ್ನು ಕೆಡವಿತು. ಸಪ್ಪಳ ಕೇಳಿ ಒಳಗಿನಿಂದ ನಾಗಲಿಂಗಪ್ಪ ಯಾರದು ಎಂದ. ಮಕ್ಕಳು ತಡವರಿಸಿದರು. ಮುದುಕನಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಶೇಖಪ್ಪನನ್ನು ಒಳಗೆ ಕರೆಸಿದ.

"ಶೇಖಪ್ಪ, ನಾ ಇನ್ನೂ ಹೋಗಿಲ್ಲಪಾ," ಎಂದ. "ಬಂದಿ ಅಂದಮ್ಯಾಲ ಇದ್ದಾಂಗ ತಗಿ."

ಮಕ್ಕಳು ಬೇಡವೆಂದರೆ ಮುದುಕ ಅವರನ್ನು ಕಣ್ಣಿನಲ್ಲೇ ಗದರಿಸಿದ. ಹೆಂಡತಿ ಶಿವಗಂಗವ್ವ ಅವನ ಬೆನ್ನಿಗೆ ಕೈಕೊಟ್ಟು ಎಬ್ಬಿಸಿ, ರುಮಾಲು ಸುತ್ತಿ ಶಾಲು ಹೊದಿಸಿದಳು. ಬಾಗಿಲಿನ ಹತ್ತಿರ ಅವನು ತಾನೇ ಹೋಗಿ ಕೂತ. ಸುಗ್ಗಿಯ ಕಾಲದ ಇಳಿಹೊತ್ತು. ಕಣದಲ್ಲಿ ಒಟ್ಟಿದ ಹುಲ್ಲಿನಿಂದ ಮರಳಿ ಬಂದ ತಿಳಿ ಬೆಳಕು ಅವನ ಕೆನ್ನೆಯ ಮೇಲೆ ಬಿದ್ದಿತ್ತು. ಅಂಥ ಬೆಳಕು ಶೇಖಪ್ಪನಿಗೆ ಅದರ ಹಿಂದೆ ಸಿಕ್ಕಿರಲಿಲ್ಲ, ಮುಂದೆಯೂ ಸಿಗಲಿಲ್ಲ. ಮುದುಕನನ್ನು ಎದೆಯ ತನಕ ಕ್ಯಾಮೆರಾದಲ್ಲಿ ಹಿಡಿದು, ತಾನು ಎಣಿಸುವ ತನಕ ಉಸಿರು ಹಿಡಿಯಬೇಕೆಂದು ಅಂಜುತ್ತ ಹೇಳಿದ.

"ಹಿಡಿಯೂದೇನ ದೊಡ್ಡದಲ್ಲಪಾ," ಎಂದ ನಾಗಲಿಂಗಪ್ಪ, "ನನಗ ಬಿಡೂದ ತ್ರಾಸ ಆಗೇತಿ."

ಹಾಗೆಂದು ಬಾಗಿಲಲ್ಲಿದ್ದ ಹೆಂಡತಿಯತ್ತ ನೋಡಿ ನಕ್ಕು, ಆ ನಗೆ ಆರುವ ಮೊದಲೇ ಲೆನ್ಸಿನತ್ತ ಕಣ್ಣಿಟ್ಟ. ಶೇಖಪ್ಪ ಮುಚ್ಚಳ ತೆಗೆದ. ಮುದುಕ ಕದಲಲಿಲ್ಲ.

ಸಂಜೆ ಮನೆಗೆ ಬಂದು ಪ್ಲೇಟು ತೊಳೆದಾಗ ಗಾಜಿನ ಮೇಲೆ ಕಣ್ಣುಗಳು ಬಂದಿದ್ದವು. ಕಾಶೆವ್ವನಿಗೆ ತೋರಿಸಿ ಅತ್ತುಬಿಟ್ಟ. ಕಾಗದಕ್ಕೆ ಇಳಿಸಲು ಬಿಸಿಲೇ ಬೇಕು, ಮುಂಜಾನೆ ಇಳಿಸಿ ಮೊದಲು ಮುದುಕನ ಕೈಗೇ ಕೊಡಬೇಕು ಎಂದುಕೊಂಡು ಮಲಗಿದ. ಬಿಸಿಲೇರುವ ಮೊದಲೇ ಸನವಳ್ಳಿಯ ಆಳು ಮತ್ತೆ ಬಂದಿದ್ದ. ಈ ಸಲ ಕರೆ ರಿವಾಜಿನಂತೆ ಇತ್ತು.

ಬೇರೆ ಪ್ಲೇಟು ಇಲ್ಲವೆಂದು ಶೇಖಪ್ಪ ಈಶಪ್ಪನಿಗೆ ಹಿತ್ತಲಲ್ಲಿ ಹೇಳಿದ. ಈಶಪ್ಪ ಅದನ್ನೆಲ್ಲ ಯೋಚಿಸಿ ಮುಗಿಸಿದ್ದ. ತಂದೆಗೆ ನಿನ್ನೆಯದೇ ರುಮಾಲು ಸುತ್ತಿ, ನಿನ್ನೆಯದೇ ಶಾಲು ಹೊದಿಸಿ ಕೂಡಿಸಿದ್ದ. ಜನರೆದುರು ಬರಿ ಪೆಟ್ಟಿಗೆಯಿಂದಲೇ ತೆಗೆದಂತೆ ಮಾಡು, ನಿನ್ನೆಯದರಲ್ಲಿ ಕಣ್ಣು ಮುಚ್ಚಿಸಿ ಕೊಡು ಎಂದ. ಪೆನ್ಸಿಲು ಹಿಡಿದು ಪ್ಲೇಟು ತಿದ್ದುವುದು ಶೇಖಪ್ಪನಿಗೆ ಗೊತ್ತೆಂಬುದು ಎಲ್ಲರಿಗೂ ತಿಳಿದದ್ದೇ. ಶೇಖಪ್ಪ ಆಗುವುದಿಲ್ಲ ಎಂದ. ಅವರ ತಂದೆ ಕೇಳಿ ತೆಗೆಸಿಕೊಂಡದ್ದು ಎಂದ.

"ಅಪ್ಪ ಕಣ್ಣ ಬಿಟ್ಟದ್ದು ಪಟದಾಗ ಕಂಡ್ರ, ಜೀವ ಇದ್ದಾಗನ ನಿನ್ನ ಕರಿಸಿದ್ವಿ ಅಂತ ಊರಿಗೆ ಗೊತ್ತಾಗತೈತಿ. ನಾವು ಹೆಂಗ ಮುಖಾ ತೋರಸೂಣು?" ಎಂದ ಈಶಪ್ಪ. ಆಮೇಲೆ ದನಿ ತಗ್ಗಿಸಿ, "ನಿನ್ನೆ ನೀ ತಗದಿ, ಇವತ್ತ ಅವರು ಹ್ವಾದ್ರು. ಇದನ್ನ ನಾ ಮಂದಿಗೆ ಹೇಳ್ಲೇನು?" ಎಂದ.

ಹೇಳಿದರೆ ಸತ್ತವರ ಮನೆಯವರೂ ಅವನನ್ನು ಹೊಸ್ತಿಲಿಗೆ ಸೇರಿಸುವಂತಿರಲಿಲ್ಲ. ಜಂಗಮ ಬಸಲಿಂಗಯ್ಯನವರು ಮಂತ್ರ ಹೇಳುತ್ತಿರಲು, ಊರಿಗೆ ಊರೇ ನೋಡುತ್ತಿರಲು, ಶೇಖಪ್ಪ ಬರಿ ಪೆಟ್ಟಿಗೆಯ ಮುಂದೆ ಮುಚ್ಚಳ ತೆಗೆದು ಎಣಿಸಿ ಮುಚ್ಚಿದ. ಮಣ್ಣು ಮುಗಿಸಿದ ಕೂಡಲೇ ಈಶಪ್ಪ ಅವನ ಜೊತೆಯೇ ಬಂದು ಮನೆಯಲ್ಲಿ ಕೂತ. ಒಂದು ಪ್ರತಿ ಇದ್ದಂತೆಯೇ ಇಳಿಸಿಕೊಳ್ಳುತ್ತೇನೆಂದರೆ ಅದಕ್ಕೂ ಬಿಡಲಿಲ್ಲ. ಶೇಖಪ್ಪ ಗಾಜನ್ನು ಬಾಗಿಲಿನ ಬೆಳಕಿಗೆ ಹಿಡಿದು, ಚೂಪು ಪೆನ್ಸಿಲಿನಿಂದ ಒಂದು ಕಣ್ಣನ್ನು ತುಂಬಿದ; ಬೆವರು ಒರೆಸಿಕೊಂಡು ಇನ್ನೊಂದನ್ನೂ ತುಂಬಿದ. ಹಣೆಯ ಮೇಲೆ ವಿಭೂತಿಯ ಗೆರೆ ಎಳೆದ. ತಿದ್ದಿದ ಗುರುತು ಎಲ್ಲೂ ಕಾಣದಂತೆ ಕೆಲಸ ಮಾಡಿದ್ದ. ಹಾಳು ಕೈಗೆ ಕೆಟ್ಟದಾಗಿ ಮಾಡುವುದು ಬರುತ್ತಿರಲಿಲ್ಲ. ಪಟದ ಸಂಗಡ ಈಶಪ್ಪ ಪ್ಲೇಟನ್ನೂ ಒಯ್ದ.

ವರ್ಷ ಕಳೆದ ಮೇಲೆ, ಪ್ಲೇಟು ಅಷ್ಟಿಷ್ಟು ಸಿಗತೊಡಗಿದಾಗ, ಶೇಖಪ್ಪ ಸನವಳ್ಳಿಯಲ್ಲಿ ಇನ್ನೊಂದು ಸಾವಿಗೆ ಹೋಗಿದ್ದ. ಶಿವಗಂಗವ್ವ ಅವನನ್ನು ಕರೆದು ಪಟದ ಕೆಳಗೆ ನಿಲ್ಲಿಸಿಕೊಂಡಳು. ಆಕೆಯ ಮಾತಿನಲ್ಲಿ ಸಿಟ್ಟಿರಲಿಲ್ಲ.

"ಯಪ್ಪಾ, ನಾ ಅಲ್ಲೇ ಬಾಗಿಲದಾಗ ನಿಂತಿದ್ನಿ. ನನ್ನ ನೋಡಿ ನಕ್ಕು, ಕಣ್ಣ ಬಿಟಗೊಂಡ ಕುಂತಿದ್ರು. ಆ ಕಣ್ಣ ಏನ ಮಾಡಿದಿ?"

ಈಶಪ್ಪ ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತ ಕೂತಿದ್ದ. ಶೇಖಪ್ಪ ಪಟದತ್ತ ನೋಡದೆ ಹೇಳಿದ.

"ಅವತ್ತ ಬೆಳಕ ಸಾಲಲಿಲ್ಲವ್ವಾ."

ಮುದುಕಿ ಹೌದೇನೋ ಎಂದು ನಂಬಿ, ಅವನಿಗೆ ಕುಡಿಯಲು ಮಜ್ಜಿಗೆ ತರಲು ಒಳಗೆ ಹೋದಳು.